ಡಾಕ್ಟ್ರಮ್ಮನ ಟಪಾಲು: ಚಿನ್ನದ ಮೇಲೆ ಕೂತ ಜೀವಕೋಶ

ಹಾಸನದಲ್ಲಿ ಚರ್ಮ ಮತ್ತು ಅಲರ್ಜಿ ವೈದ್ಯೆಯಾಗಿದ್ದು ನಿವೃತ್ತರಾದವರು ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ.

ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾದವೆಂದರೆ ನನ್ನ ಟಪಾಲು ದಪ್ಪಗಾಗುತ್ತದೆ. ಸೀನು, ತುರಿಕೆ, ಉಬ್ಬಸ, ದದ್ದು. ಈ ಸಲ ಅದರ ಜೊತೆ ಹೊಸದೊಂದು ಸೇರಿದೆ. ಜಪಾನಿನಲ್ಲಿ ಜೀವಕೋಶವನ್ನು ಚಿನ್ನದ ಮೇಲಿಟ್ಟು, ಬೆಳಕು ಹಾಯಿಸಿ, ಅಲರ್ಜಿ ಕಂಡುಹಿಡಿಯುತ್ತಾರೆ ಎಂಬ ಸುದ್ದಿ ಯಾರ ಮೊಬೈಲಿನಿಂದ ಯಾರ ಮೊಬೈಲಿಗೆ ಹಾರಿತೋ, ಆಲೂರಿನಿಂದ ಕೊಪ್ಪದವರೆಗೆ ಎಲ್ಲರಿಗೂ ಆ ಪರೀಕ್ಷೆ ಬೇಕಾಗಿದೆ. ಸುದ್ದಿ ಸುಳ್ಳಲ್ಲ. ಆದರೆ ನಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬೆಳೆದಿದೆ. ಅದಕ್ಕೆ ಸಂಬಂಧಪಟ್ಟ ಪತ್ರಗಳನ್ನೆಲ್ಲ ಒಂದೇ ಕಡೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆಯವರು ಬೀಜದ ಹೊಟ್ಟು ತೆಗೆದು ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಗೋಡೌನ್ ಮೇಸ್ತ್ರಿ. ಚೀಲ ಬಿಚ್ಚಿ ಸುರಿಯುವ ದಿನ ಸೀನು, ಕಣ್ಣುರಿ, ರಾತ್ರಿ ಉಬ್ಬಸ. ಭಾನುವಾರ ಆರಾಮಾಗಿರುತ್ತಾರೆ. ಲ್ಯಾಬಿನಲ್ಲಿ ‘ಅಲರ್ಜಿ ಪ್ರೊಫೈಲ್’ ಮಾಡಿಸಿದೆವು. ಗೋಧಿ, ಹಾಲು, ಕಡಲೆಕಾಯಿ, ಬದನೆ, ಜಿರಲೆ, ಮನೆಧೂಳು ಎಲ್ಲದಕ್ಕೂ ಪಾಸಿಟಿವ್ ಬಂತು. ಹಾಲು, ಚಪಾತಿ, ಚಟ್ನಿ ಎಲ್ಲ ನಿಲ್ಲಿಸಿ ಗಂಜಿ ಕೊಡುತ್ತಿದ್ದೇನೆ. ಕಾಫಿಯನ್ನೂ ಬಿಡಿಸಿದೆ. ಉಬ್ಬಸ ಮಾತ್ರ ಹೋಗಿಲ್ಲ. ಆ ಚಿನ್ನದ ಪರೀಕ್ಷೆ ಬೆಂಗಳೂರಿನಲ್ಲಿ ಸಿಗುತ್ತದೆಯಾ? ಎಷ್ಟು ಖರ್ಚಾದರೂ ಮಾಡಿಸುತ್ತೇವೆ.
(ಚಿಕ್ಕಮಗಳೂರಿನ ಓದುಗರು)

ಉತ್ತರ: ಮೊದಲು ಅವರಿಗೆ ಒಂದು ಲೋಟ ಕಾಫಿ ಮಾಡಿಕೊಡಿ. ಬೆಂಗಳೂರಿನ ವಿಚಾರ ಆಮೇಲೆ.

ಕಾಯಿಲೆಯ ಅರ್ಧ ಗುಟ್ಟು ನಿಮ್ಮ ಪತ್ರದಲ್ಲೇ ಇದೆ. ಚೀಲ ಬಿಚ್ಚಿದ ದಿನ ಸೀನು, ಆ ರಾತ್ರಿ ಉಬ್ಬಸ, ಭಾನುವಾರ ಆರಾಮ. ಗೋಧಿಗೆ ಭಾನುವಾರ ರಜೆ ಇರುವುದಿಲ್ಲವಲ್ಲಮ್ಮಾ. ಚಪಾತಿ ತಿಂದ ಭಾನುವಾರವೂ ಅವರು ಚೆನ್ನಾಗಿಯೇ ಇದ್ದರು ತಾನೆ?

ಒಬ್ಬ ರೋಗಿ ಹಠ ಹಿಡಿದಿದ್ದಕ್ಕೆ ನಾನು ಒಮ್ಮೆ ಕ್ಯೂರಿಂಗ್ ಒಳಗೆ ಹೋಗಿ ನಿಂತು ನೋಡಿದ್ದೇನೆ. ಚೀಲದ ಬಾಯಿಯ ಹೊಲಿಗೆ ದಾರ ಎಳೆದು, ತೊಡೆ ಕೊಟ್ಟು ಎತ್ತಿ, ಯಂತ್ರದ ಬಾಯಿಗೆ ಸುರಿಯುತ್ತಾರೆ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲಿನಲ್ಲಿ ಧೂಳು ಎದ್ದು ನಿಂತದ್ದು, ಮುಂದಿನ ಚೀಲ ಬರುವವರೆಗೂ ಇಳಿಯಲಿಲ್ಲ. ಸುರಿದವನ ಹುಬ್ಬು, ಕಿವಿಯ ಕೂದಲು ಎಲ್ಲ ಬೂದಿ ಬಣ್ಣ. ಅದು ಘಮಘಮ ಎನ್ನುವ ಹುರಿದ ಕಾಫಿಪುಡಿಯಲ್ಲ. ಹಸಿ ಬೀಜದ್ದು, ಹೊಟ್ಟಿನದ್ದು, ಗೋಣಿ ನಾರಿನದ್ದು. ಹಸಿ ಕಾಫಿ ಬೀಜದ ಪ್ರೋಟೀನಿಗೆ ಅಲರ್ಜಿಯಾಗುವುದು ಬೇರೆ ದೇಶಗಳ ಕಾಫಿ ಗೋಡೌನುಗಳಲ್ಲೂ ಕಂಡು ದಾಖಲಾಗಿರುವ ಸಂಗತಿ. ಅದರ ಜೊತೆ ಹರಳಿನ, ಅಂದರೆ ಹರಳೆಣ್ಣೆ ತೆಗೆಯುವ ಬೀಜದ ಧೂಳೂ ಸೇರಿರಬಹುದು. ಹಿಂದೆ ಹರಳು ತುಂಬಿದ್ದ ಗೋಣಿಯನ್ನೇ ಕಾಫಿಗೂ ಬಳಸಿದರೆ ಆ ಧೂಳು ನಾರಿನಲ್ಲೇ ಉಳಿಯುತ್ತದೆ. ಹರಳಿನ ಅಲರ್ಜಿ ಮಹಾ ಬಿರುಸು. ಹುರಿದಾಗ ಕಾಫಿಯ ಈ ಪ್ರೋಟೀನುಗಳು ಬಹುಪಾಲು ಕೆಟ್ಟುಹೋಗುತ್ತವೆ. ಹಾಗಾಗಿ ಗೋಡೌನಿನಲ್ಲಿ ಉಬ್ಬಸ ಪಡುವವರೂ ಸಾಮಾನ್ಯವಾಗಿ ಮನೆಯಲ್ಲಿ ಕಾಫಿ ಕುಡಿದು ಆರಾಮಾಗಿರುತ್ತಾರೆ. ಇಷ್ಟು ವರ್ಷ ಕುಡಿದು ಏನೂ ಆಗದ ಮನುಷ್ಯನಿಗೆ ಬಿಡಿಸಿದ್ದು ಅನ್ಯಾಯ.

ಇನ್ನು ಆ ಪಟ್ಟಿ. ಅಲರ್ಜಿಯವರ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಇರುತ್ತದೆ. 1966ರಲ್ಲಿ ಅದನ್ನು ಗುರುತಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಗಂಡ ಹೆಂಡತಿ, ಕಿಮಿಶಿಗೆ ಇಶಿಜಾಕ ಮತ್ತು ಟೆರುಕೊ ಇಶಿಜಾಕ. ಈ ಐಜಿಇ ರಕ್ತದಲ್ಲಿ ಸುಮ್ಮನೆ ಓಡಾಡಿಕೊಂಡಿದ್ದರೆ ಯಾರಿಗೂ ತೊಂದರೆ ಇಲ್ಲ. ಅದು ಮೂಗು, ಚರ್ಮ, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೈಗೆ, ರಕ್ತದಲ್ಲಿರುವ ಬೇಸೋಫಿಲ್ ಕೋಶಗಳ ಮೈಗೆ ಅಂಟಿ ಕೂರಬೇಕು. ಆಮೇಲೆ ಧೂಳಿನ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಕೋಶ ಕೆರಳಿ ಹಿಸ್ಟಮಿನ್ ಚೆಲ್ಲುತ್ತದೆ. ಸೀನು, ತುರಿಕೆ, ಉಬ್ಬಸ ಶುರುವಾಗುವುದು ಅಲ್ಲಿಂದ.

ಲ್ಯಾಬಿನವರು ಅಳೆದದ್ದು ಐಜಿಇ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕೋಶ ಕೆರಳುತ್ತದೋ ಇಲ್ಲವೋ ಅವರು ನೋಡಿಲ್ಲ. ಗೋಧಿಗೆ ಐಜಿಇ ಇಟ್ಟುಕೊಂಡೂ ದಿನಾ ಚಪಾತಿ ತಿಂದು ಜೀರ್ಣಿಸಿಕೊಳ್ಳುವವರು ಎಷ್ಟೋ ಜನ. ಇನ್ನೊಂದು, ನಿಮ್ಮ ವರದಿಯನ್ನು ಕನ್ನಡಕ ಹಾಕಿಕೊಂಡು ಮತ್ತೆ ಓದಿ. ಕೆಲವು ಲ್ಯಾಬುಗಳು ಐಜಿಇ ಬದಲು ಐಜಿಜಿ ಎಂಬ ಬೇರೆ ಪ್ರತಿಕಾಯ ಅಳೆದು ಉದ್ದದ ಆಹಾರಪಟ್ಟಿ ಕೊಡುತ್ತವೆ. ತಿಂದ ಆಹಾರಕ್ಕೆ ಐಜಿಜಿ ಇರುವುದು ಸಹಜ. ಆ ಪಟ್ಟಿ ನೋಡಿ ಊಟ ಬಿಡಿಸುವವರ ಮೇಲೆ ನನಗೆ ಬಹಳ ಕೋಪವಿದೆ. ಮೊದಲೆಲ್ಲ ಏನು ತಿಂದಾಗ ಏನೂ ಆಗುತ್ತಿರಲಿಲ್ಲವೋ ಅದನ್ನೆಲ್ಲ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ, ಒಂದೊಂದಾಗಿ ತಟ್ಟೆಗೆ ವಾಪಸ್ ತನ್ನಿ.

ಈಗ ಚಿನ್ನದ ಪರೀಕ್ಷೆ. ಹಿರೋಶಿಮಾ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞರು ಬಹಳ ವರ್ಷಗಳಿಂದ ಈ ಕೆಲಸದಲ್ಲಿದ್ದಾರೆ. ಐಜಿಇ ಇದೆಯೋ ಇಲ್ಲವೋ ಎಂದು ನೋಡುವ ಬದಲು ಜೀವಂತ ಕೋಶವನ್ನೇ ಕೇಳುವುದು ಅವರ ದಾರಿ. ಕೋಶವನ್ನು ತೆಳು ಚಿನ್ನದ ಮೇಲೆ ಕೂರಿಸಿ, ಅಲರ್ಜಿಯ ವಸ್ತುವನ್ನು ಹಾಕಿ, ಅದು ಕೆರಳುವುದನ್ನು ಬೆಳಕಿನಲ್ಲಿ ನೋಡುತ್ತಾರೆ. ಬೆಳಕಿನ ಕಥೆ ಮುಂದಿನ ಪತ್ರದಲ್ಲಿದೆ. ರೋಗಿಯ ಬೇಸೋಫಿಲ್‌ಗಳನ್ನೇ ತೆಗೆದು ನೋಡುವುದು ಒಂದು ಬಗೆ. ಆದರೆ ರಕ್ತದ ಬಿಳಿಕೋಶಗಳಲ್ಲಿ ಅವು ನೂರಕ್ಕೆ ಒಂದೂ ಇರುವುದಿಲ್ಲ. ಬೇರ್ಪಡಿಸುವುದು ಕಷ್ಟ, ರಕ್ತವೂ ತಾಜಾ ಇರಬೇಕು. ಇನ್ನೊಂದು ಬಗೆಯಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾಸ್ಟ್ ಕೋಶಗಳ ಮೇಲೆ ಮನುಷ್ಯರ ಐಜಿಇ ಕೂರಲು ಜಾಗ ಮಾಡಿಕೊಟ್ಟು, ಅದಕ್ಕೆ ರೋಗಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಸವರುತ್ತಾರೆ. ರೋಗಿಯ ಐಜಿಇ ಹೋಗಿ ಬೇರೆಯವರ ಕೋಶದ ಮೇಲೆ ಕೂರುತ್ತದೆ.

ಈ ಉಪಾಯಕ್ಕೆ ನೂರು ವರ್ಷ ದಾಟಿದೆ. 1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು, ಕಾರ್ಲ್ ಪ್ರೌಸ್ನಿಟ್ಸ್ ಮತ್ತು ಹೈನ್ಸ್ ಕ್ಯೂಸ್ಟ್ನರ್, ತಮ್ಮ ಮೈಮೇಲೇ ಇದನ್ನು ಮಾಡಿಕೊಂಡರು. ಕ್ಯೂಸ್ಟ್ನರ್‌ಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ಸೀರಂ ಅನ್ನು ಪ್ರೌಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಕೊಟ್ಟಾಗ ಚರ್ಮ ಕೆಂಪಾಗಿ ಉಬ್ಬಿತು. ಐಜಿಇ ಎಂಬ ಹೆಸರು ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲೇ ‘ರಕ್ತದಲ್ಲಿ ಏನೋ ಇದೆ, ಅದು ಚರ್ಮದಲ್ಲಿ ಕೂರುತ್ತದೆ’ ಎಂದು ಗೊತ್ತಾದದ್ದು ಹೀಗೆ. ಒಬ್ಬರ ಸೀರಂ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯಂಥ ರೋಗವೂ ಅಂಟುತ್ತದಾದ್ದರಿಂದ ಮುಂದೆ ಅದನ್ನು ಕೈಬಿಟ್ಟರು. ಹಿರೋಶಿಮಾದವರ ಚಿನ್ನದ ತುಂಡು ಮಾಡುವುದು ಪ್ರೌಸ್ನಿಟ್ಸ್‌ರ ಹೊಟ್ಟೆ ಮಾಡಿದ ಕೆಲಸವನ್ನೇ, ಯಾರಿಗೂ ಚುಚ್ಚದೆ.

ಆದರೆ ಅದು ಇನ್ನೂ ಸಂಶೋಧನಾಲಯದ ಉಪಕರಣ. ಚೀಟಿ ಬರೆಸಿಕೊಂಡು ಹೋಗಿ ಮಾಡಿಸಿಕೊಳ್ಳುವ ಪರೀಕ್ಷೆಯಾಗಿಲ್ಲ. ಆಗಿದ್ದರೂ ನಿಮ್ಮವರಿಗೆ ಅದು ಮೊದಲ ಪರೀಕ್ಷೆಯಲ್ಲ. ಕೋಶ ಉತ್ತರ ಹೇಳಬೇಕಾದರೆ ನಾವು ಸರಿಯಾದ ಪ್ರಶ್ನೆ ಹಾಕಬೇಕು. ಗೋಧಿ ಸಾರ ಹಾಕಿ ನೋಡುತ್ತ ಕೂತರೆ ಹಸಿ ಕಾಫಿಯ ಧೂಳಿನ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ನೀವು ಈಗ ಮಾಡಬೇಕಾದದ್ದು ಅಗ್ಗದ ಕೆಲಸ. ಮೆಡಿಕಲ್ ಶಾಪಿನಲ್ಲಿ ಪೀಕ್ ಫ್ಲೋ ಮೀಟರ್ ಕೇಳಿ. ಊದುವ ಪ್ಲಾಸ್ಟಿಕ್ ಕೊಳವೆ, ಮುಳ್ಳು ಎಲ್ಲಿಗೆ ಹೋಯಿತು ನೋಡಿ ಬರೆದುಕೊಳ್ಳುವುದು. ಬೆಳಗ್ಗೆ ಎದ್ದಾಗ, ಕೆಲಸದ ನಡುವೆ, ಕೆಲಸ ಬಿಟ್ಟಾಗ, ಮಲಗುವ ಮುಂಚೆ. ಪ್ರತಿ ಸಲವೂ ಮೂರು ಸಾರಿ ಊದಿ ಹೆಚ್ಚಿನದನ್ನು ಬರೆಯಬೇಕು. ಮೂರು ನಾಲ್ಕು ವಾರ, ರಜೆಯ ದಿನಗಳೂ ಸೇರಿ. ಪಕ್ಕದಲ್ಲಿ ಆ ದಿನ ಏನು ಕೆಲಸ ಎಂದು ಒಂದು ಪದ: ಸುರಿಯುವುದು, ಲೋಡಿಂಗ್, ಗಾರ್ಬ್ಲಿಂಗ್ (ಬೀಜ ಆರಿಸುವ) ಶೆಡ್ಡು, ರಜೆ. ಆ ನೋಟ್‌ಬುಕ್ ಹಿಡಿದು ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ. ಈಗಾಗಲೇ ಇನ್ಹೇಲರ್ ತೆಗೆದುಕೊಳ್ಳುತ್ತಿದ್ದರೆ ಅಲ್ಲಿಯವರೆಗೆ ಅದನ್ನು ಬಿಡಕೂಡದು. ಮೂಗಿಗೆ ಟವೆಲ್ ಸುತ್ತಿಕೊಂಡರೆ ಈ ಧೂಳು ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು. ಮಾಲೀಕರ ಹತ್ತಿರ ಸುರಿಯುವ ಜಾಗದಿಂದ ಬೇರೆ ಕಡೆಗೆ ಹಾಕಿಸಿಕೊಳ್ಳುವ ಮಾತೂ ಆಡಬೇಕಾಗುತ್ತದೆ. ಅದು ಸುಲಭವಲ್ಲ, ಗೊತ್ತು. ಆದರೆ ವರ್ಷಗಟ್ಟಲೆ ಧೂಳು ಕುಡಿದ ಮೇಲೆ ಕೆಲಸ ಬಿಟ್ಟರೂ ಉಬ್ಬಸ ಬಿಡದ ಹಂತ ಬರುತ್ತದೆ. ಆಮೇಲೆ ಹೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ಡಾಕ್ಟರ್, ನಾನು ಬಿಎಸ್ಸಿ ಎರಡನೇ ವರ್ಷ. ಸೆಮಿನಾರಿಗೆ ಇದೇ ವಿಷಯ ತೆಗೆದುಕೊಂಡಿದ್ದೇನೆ. ಕೋಶಕ್ಕೆ ಯಾವ ಬಣ್ಣವನ್ನೂ ಹಾಕದೆ ಅದರೊಳಗಿನ ಬದಲಾವಣೆಯನ್ನು ಬೆಳಕು ಹೇಗೆ ಹಿಡಿಯುತ್ತದೆ? ಚಿನ್ನವೇ ಯಾಕೆ? ತಾಮ್ರ ಆಗುವುದಿಲ್ಲವೇ?
(ಹಾಸನದ ವಿದ್ಯಾರ್ಥಿನಿ)

ಉತ್ತರ: ಮಗೂ, ಸೆಮಿನಾರಿಗೆ ಹೋಗುವಾಗ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಹೋಗು. ಅದಕ್ಕೆ ಕಲ್ಲುಸಕ್ಕರೆಯ ಚೂರೊಂದನ್ನು ದಾರ ಕಟ್ಟಿ ಇಳಿಬಿಟ್ಟು ಕಿಟಕಿಗೆ ಅಡ್ಡ ಹಿಡಿ. ಸಕ್ಕರೆಯಿಂದ ಕೆಳಕ್ಕೆ ನಡುಗುವ ಗೆರೆಗಳು ಇಳಿಯುವುದು ಕಾಣುತ್ತದೆ. ಸಕ್ಕರೆಗೂ ಬಣ್ಣವಿಲ್ಲ, ನೀರಿಗೂ ಬಣ್ಣವಿಲ್ಲ. ಹಾಗಿದ್ದೂ ಕಂಡಿತು, ಏಕೆಂದರೆ ಸಕ್ಕರೆ ಕರಗಿದ ಕಡೆ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬೇರೆಯಾಯಿತು, ಬೆಳಕು ಬಾಗಿತು. ಜೀವಕೋಶದಲ್ಲಿ ನಡೆಯುವುದೂ ಇದೇ. ನೀರಿನ ಸೂಚ್ಯಂಕ 1.33. ಒಳಗೆಲ್ಲ ಪ್ರೋಟೀನು ತುಂಬಿದ ಕೋಶದ್ದು ಅದಕ್ಕಿಂತ ಸ್ವಲ್ಪ ಹೆಚ್ಚು. ಕೋಶ ಕೆರಳಿದಾಗ ಪ್ರೋಟೀನುಗಳು ಜಾಗ ಬದಲಿಸುತ್ತವೆ, ಸೂಚ್ಯಂಕ ಕೂದಲೆಳೆಯಷ್ಟು ಸರಿಯುತ್ತದೆ. ಆ ಕೂದಲೆಳೆಯನ್ನು ಅಳೆಯುವುದಕ್ಕೆ ಚಿನ್ನ ಬೇಕು.

ಗಾಜಿನ ಪಟ್ಟಕದೊಳಗೆ ಓರೆಯಾಗಿ ಬೆಳಕು ಬಿಟ್ಟರೆ ಪೂರ್ಣ ಆಂತರಿಕ ಪ್ರತಿಫಲನ ಆಗುತ್ತದೆ, ಅಂದರೆ ಬೆಳಕು ಹೊರಗೆ ಹೋಗದೆ ಪೂರ್ತಿ ವಾಪಸ್ ಬರುತ್ತದೆ ಎಂದು ಪಿಯುಸಿಯಲ್ಲೇ ಓದಿದ್ದೀಯ. ಆ ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನ ಬಳಿದಿದೆ ಎಂದುಕೋ. ಆಗ ಒಂದು ವಿಚಿತ್ರ ಆಗುತ್ತದೆ. ಬೇರೆಲ್ಲ ಕೋನಗಳಲ್ಲಿ ಹೊಳೆಯುತ್ತ ವಾಪಸ್ ಬರುವ ಬೆಳಕು ಒಂದು ಕೋನದಲ್ಲಿ ಮಾತ್ರ ಮಾಯವಾಗುತ್ತದೆ. ಆ ಕೋನದಲ್ಲಿ ಅದರ ಶಕ್ತಿಯನ್ನು ಚಿನ್ನದ ಮೇಲ್ಮೈಯ ಎಲೆಕ್ಟ್ರಾನುಗಳ ಅಲೆ ಎಳೆದುಕೊಂಡಿರುತ್ತದೆ. ಇದಕ್ಕೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಎನ್ನುತ್ತಾರೆ. 1902ರಲ್ಲಿ ಅಮೆರಿಕದ ಆರ್. ಡಬ್ಲ್ಯೂ. ವುಡ್ ಗೆರೆ ಕೊರೆದ ಲೋಹದ ಮೇಲೆ ಬೆಳಕು ಬಿಟ್ಟಾಗ ಇದರ ಕಪ್ಪು ಪಟ್ಟಿಗಳನ್ನು ಕಂಡು, ಕಾರಣ ತಿಳಿಯದೆ ತಲೆ ಕೆರೆದುಕೊಂಡಿದ್ದರು. ಪಟ್ಟಕ ಮತ್ತು ತೆಳು ಲೋಹದ ಈ ಏರ್ಪಾಡು 1968ರಲ್ಲಿ ಜರ್ಮನಿಯ ಕ್ರೆಚ್‌ಮನ್ ಮಾಡಿದ್ದು.

ಬೆಳಕು ಮಾಯವಾಗುವ ಆ ಕೋನ ಚಿನ್ನದ ಮೇಲೆ ಏನು ಕೂತಿದೆ ಎಂಬುದಕ್ಕೆ ತಕ್ಕಂತೆ ಸರಿಯುತ್ತದೆ. ಬರೀ ನೀರಿದ್ದರೆ ಒಂದು ಕೋನ, ಕೋಶ ಕೂತರೆ ಇನ್ನೊಂದು, ಕೆರಳಿದ ಕೋಶಕ್ಕೆ ಮತ್ತೊಂದು. ಬೆಳಕು ಬೀಳುವುದು ಕೆಳಗಿನಿಂದ, ಗಾಜಿನ ಕಡೆಯಿಂದ. ಕೋಶ ಇರುವ ಮೇಲ್ಭಾಗದಲ್ಲಿ ಬೆಳಕು ಹಾಯುವುದೇ ಇಲ್ಲ. ಚಿನ್ನದಾಚೆಗೆ ಅದರ ಪ್ರಭಾವ ಮುಟ್ಟುವುದು ಕೆಲವು ನೂರು ನ್ಯಾನೋಮೀಟರ್ ಎತ್ತರಕ್ಕೆ ಮಾತ್ರ. ಕೋಶದ ಅಡ್ಡಗಲ ಸುಮಾರು 10 ಮೈಕ್ರೋಮೀಟರ್, ಅಂದರೆ 10,000 ನ್ಯಾನೋಮೀಟರ್. ಹಾಗಾಗಿ ಯಂತ್ರ ನೋಡುವುದು ಕೋಶದ ಅಂಗಾಲನ್ನು, ತಲೆಯನ್ನಲ್ಲ. ಈ ಚಿತ್ರವನ್ನು ಬೋರ್ಡಿನ ಮೇಲೆ ಸರಿಯಾದ ಅಳತೆಯಲ್ಲಿ ಬರೆದು ತೋರಿಸು. ಬಹಳ ಜನ ಇಲ್ಲೇ ಎಡವುತ್ತಾರೆ.

ಚಿನ್ನದ ಪ್ರಶ್ನೆ ಒಳ್ಳೆಯದು. ಬೆಳ್ಳಿಯಲ್ಲಿ ಆ ಕಪ್ಪು ಕೋನ ಇನ್ನೂ ಚೂಪಾಗಿ ಬರುತ್ತದೆ, ಆದರೆ ಬೆಳ್ಳಿ ಕಪ್ಪಡರುತ್ತದೆ. ತಾಮ್ರ ಕಿಲುಬು ಹಿಡಿಯುತ್ತದೆ, ಕೋಶಕ್ಕೂ ವಿಷ. ಕೋಶ ಬದುಕಬೇಕಾದರೆ ಬೆಚ್ಚಗಿನ ಉಪ್ಪುನೀರಿನಂಥ ದ್ರವ ಬೇಕು, ಅದರಲ್ಲಿ ಗಂಟೆಗಟ್ಟಲೆ ಮುಳುಗಿದ್ದರೂ ಏನೂ ಆಗದೆ ಇರುವುದು ಚಿನ್ನ. ಬೆಲೆಗೆ ಹೆದರಬೇಡ. ಲೆಕ್ಕ ಹಾಕಿ ನೋಡಿದೆ: ಒಂದು ಚದರ ಸೆಂಟಿಮೀಟರಿಗೆ 50 ನ್ಯಾನೋಮೀಟರ್ ಬಳಿಯಲು ಬೇಕಾಗುವುದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ಒಂದು ಗ್ರಾಂ ಚಿನ್ನದಲ್ಲಿ ಅಂಥ ಹತ್ತು ಸಾವಿರ ತುಂಡು. ನಮ್ಮ ಮದುವೆಮನೆಗಳಲ್ಲಿ ಒಬ್ಬ ಹುಡುಗಿಯ ಕತ್ತಿನಲ್ಲಿರುವುದು ಒಂದು ದೇಶಕ್ಕೆ ಸಾಲುತ್ತದೆ.

ಮೊದಮೊದಲು ಇಂಥ ಯಂತ್ರಗಳು ಕೋನವನ್ನಷ್ಟೇ ಅಳೆಯುತ್ತಿದ್ದವು. ಅಂದರೆ ಬೆಳಕು ಬಿದ್ದ ಜಾಗದಲ್ಲಿರುವ ಅಷ್ಟೂ ಕೋಶಗಳ ಸರಾಸರಿ. ಹತ್ತರಲ್ಲಿ ಒಂದು ಕೆರಳಿ ಒಂಬತ್ತು ಸುಮ್ಮನಿದ್ದರೆ ಸರಾಸರಿಯಲ್ಲಿ ಆ ಒಂದು ಮುಳುಗಿಹೋಗುತ್ತದೆ. ಬೇಸೋಫಿಲ್‌ನಂಥ ಅಪರೂಪದ ಕೋಶಕ್ಕೆ ಇದು ದೊಡ್ಡ ಅಡ್ಡಿ. ಹಿರೋಶಿಮಾದವರು ಕೋನವನ್ನು ಒಂದು ಕಡೆ ನಿಲ್ಲಿಸಿ, ವಾಪಸ್ ಬರುವ ಬೆಳಕಿಗೆ ಕ್ಯಾಮೆರಾ ಹಿಡಿದರು. ಈಗ ಪ್ರತಿ ಕೋಶವೂ ಪರದೆಯ ಮೇಲೆ ಬೇರೆ ಬೇರೆ ಚುಕ್ಕೆ. ಅಲರ್ಜಿಯ ವಸ್ತು ಹಾಕಿದ ಕೆಲವೇ ನಿಮಿಷಗಳಲ್ಲಿ ಕೆರಳಿದ ಕೋಶದ ಚುಕ್ಕೆಯ ಹೊಳಪು ಬದಲಾಗುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಈ ವಿಧಾನದ ಹೆಸರಿಗೆ ‘ಇಮೇಜಿಂಗ್’, ಅಂದರೆ ಚಿತ್ರ ತೆಗೆಯುವುದು, ಎಂದು ಸೇರಿಸುವುದು ಇದಕ್ಕೆ.

ಅಧ್ಯಾಪಕರು ಕಷ್ಟದ ಪ್ರಶ್ನೆ ಕೇಳಿದರೆ? ಹೊಳಪು ಬದಲಾಗುವುದು ಹಿಸ್ಟಮಿನ್ ಚೀಲಗಳು ಒಡೆದಿದ್ದಕ್ಕೋ ಎಂದು ಕೇಳಬಹುದು. ಅದಷ್ಟೇ ಅಲ್ಲ ಎನ್ನು. ಸುದ್ದಿ ಮುಟ್ಟಿಸುವ ಪ್ರೋಟೀನುಗಳು ಕೋಶದ ಒಳಗಿನಿಂದ ಅಂಚಿನ ಪೊರೆಗೆ ಓಡಿಬರುವುದೂ ಅದರಲ್ಲಿ ಸೇರಿದೆ. ಎರಡನೆಯದು ಉಷ್ಣತೆ. ಒಂದು ಡಿಗ್ರಿ ಏರಿಳಿದರೂ ನೀರಿನ ಸೂಚ್ಯಂಕ ಸುಮಾರು 0.0001ರಷ್ಟು ಬದಲಾಗುತ್ತದೆ, ಆದ್ದರಿಂದ 37 ಡಿಗ್ರಿಯಲ್ಲಿ ಅಲುಗಾಡದಂತೆ ಇಡಬೇಕು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು: ಕೆಲವರ ಬೇಸೋಫಿಲ್‌ಗಳು ಯಾವುದಕ್ಕೂ ಕೆರಳುವುದಿಲ್ಲ. ಐಜಿಇಯನ್ನೇ ನೇರವಾಗಿ ಹಿಡಿದು ಜಗ್ಗುವ ಪ್ರತಿಕಾಯ ಹಾಕಿದರೂ ಕಲ್ಲಿನ ಹಾಗೆ ಕೂತಿರುತ್ತವೆ. ಅಂಥವರ ಪರೀಕ್ಷೆಯಲ್ಲಿ ‘ಅಲರ್ಜಿ ಇಲ್ಲ’ ಎಂದು ಬರೆದರೆ ಅದು ಸುಳ್ಳು ವರದಿ. ‘ಪರೀಕ್ಷೆ ಆಗಲಿಲ್ಲ’ ಎಂದು ಬರೆಯಬೇಕು.

ಪ್ರಶ್ನೆ: ಚರ್ಮದ ಚುಚ್ಚು ಪರೀಕ್ಷೆಗೆ ಮುಂಚೆ ಸೆಟ್ರಿಜಿನ್ ಮಾತ್ರೆ ಒಂದು ವಾರ ನಿಲ್ಲಿಸಿ ಎಂದರು. ನಿಲ್ಲಿಸಿದರೆ ಮೈಯೆಲ್ಲ ದದ್ದು ಏಳುತ್ತದೆ. ಒಂದೇ ಒಂದು ಮಾತ್ರೆ ನುಂಗಿದರೆ ಗೊತ್ತಾಗುತ್ತದೆಯೇ?
(ಅರಸೀಕೆರೆಯ ಓದುಗರು)

ಉತ್ತರ: ಗೊತ್ತಾಗುತ್ತದೆ. ನನ್ನ ಹತ್ತಿರ ನುಂಗಿ ಬಂದು ಕೂತವರೆಲ್ಲ ಸಿಕ್ಕಿಬಿದ್ದಿದ್ದಾರೆ.

ಮುಂಗೈ ಒಳಬದಿಯನ್ನು ಒರೆಸಿ, ಪೆನ್ನಿನಲ್ಲಿ ನಂಬರು ಬರೆದು, ಪ್ರತಿ ನಂಬರಿನ ಪಕ್ಕ ಒಂದೊಂದು ಹನಿ ಹಾಕಿ, ಹನಿಯ ಮೂಲಕವೇ ಸಣ್ಣ ಲ್ಯಾನ್ಸೆಟ್‌ನಿಂದ ಚುಚ್ಚುತ್ತೇವೆ. ರಕ್ತ ಬರಬಾರದು. ಹದಿನೈದು ನಿಮಿಷ ಕೆರೆದುಕೊಳ್ಳದೆ ಕೂರಬೇಕು, ಶಿಕ್ಷೆ ಅದೇ. ಆಮೇಲೆ ಉಬ್ಬಿದ್ದನ್ನು ಸ್ಕೇಲಿನಲ್ಲಿ ಅಳೆಯುವುದು. ಬರೀ ಉಪ್ಪುನೀರು ಹಾಕಿದ ಚುಕ್ಕೆಗಿಂತ 3 ಮಿಲಿಮೀಟರಾದರೂ ಹೆಚ್ಚಿದ್ದರೆ ಪಾಸಿಟಿವ್. ಆ ಸಾಲಿನಲ್ಲಿ ಒಂದು ಹನಿ ಅಪ್ಪಟ ಹಿಸ್ಟಮಿನ್. ಅದು ಎಲ್ಲರಲ್ಲೂ ಉಬ್ಬಲೇಬೇಕು. ಉಬ್ಬದಿದ್ದರೆ, ಮಾತ್ರೆ ನುಂಗಿದ್ದೀರಿ ಎಂದೇ ಲೆಕ್ಕ.

ಸೆಟ್ರಿಜಿನ್ ಕೋಶವನ್ನು ಸುಮ್ಮನಾಗಿಸುವುದಿಲ್ಲ. ಕೋಶ ಚೆಲ್ಲಿದ ಹಿಸ್ಟಮಿನ್ ರಕ್ತನಾಳಗಳನ್ನು ಮುಟ್ಟದಂತೆ ತಡೆಯುತ್ತದೆ, ಅಷ್ಟೆ. ಹಾಗಾಗಿ ಐಜಿಇ ರಕ್ತಪರೀಕ್ಷೆಗೂ ಬೇಸೋಫಿಲ್ ಕೋಶದ ಪರೀಕ್ಷೆಗೂ ಅದರಿಂದ ತೊಂದರೆಯಿಲ್ಲ. ನಿಮಗೆ ನಿಲ್ಲಿಸಲಾಗದಿದ್ದರೆ ಡಾಕ್ಟರಿಗೆ ಹಾಗೆಂದು ಹೇಳಿ, ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ಸ್ಟಿರಾಯ್ಡ್ ಮಾತ್ರೆಯ ಲೆಕ್ಕ ಬೇರೆ, ಅದನ್ನು ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಹುಡುಗನಿಗೆ ಎರಡೇ ಹೆಜ್ಜೇನು ಹೊಡೆದವು. ಐದು ನಿಮಿಷದಲ್ಲಿ ಮೈಯೆಲ್ಲ ದದ್ದೆದ್ದು ಕಣ್ಣು ಕತ್ತಲೆ ಬಂದು ಬಿದ್ದ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು, ಉಳಿದ. ಮೂರನೇ ದಿನ ಜೇನಿನ ಅಲರ್ಜಿಗೆ ರಕ್ತ ಪರೀಕ್ಷೆ ಮಾಡಿಸಿದರೆ ನೆಗೆಟಿವ್. ಇನ್ನು ಮರ ಹತ್ತಿಸಬಹುದಾ?
(ಮೂಡಿಗೆರೆಯ ಬೆಳೆಗಾರರು)

ಉತ್ತರ: ಹತ್ತಿಸಬೇಡಿ.

ನೂರಾರು ನೊಣ ಹೊಡೆದು ಒಬ್ಬ ಬಿದ್ದರೆ ವಿಷ ಹೆಚ್ಚಾಯಿತು ಎನ್ನಬಹುದು. ಎರಡಕ್ಕೆ ಐದೇ ನಿಮಿಷದಲ್ಲಿ ಬಿದ್ದನೆಂದರೆ ಅದು ಅಲರ್ಜಿ, ವರದಿ ಏನೇ ಹೇಳಲಿ. ಮೂರನೇ ದಿನಕ್ಕೆ ಪರೀಕ್ಷೆ ಮಾಡಿಸಿದ್ದು ಅವಸರವಾಯಿತು. ದೊಡ್ಡ ಪ್ರತಿಕ್ರಿಯೆ ಆದ ಹೊಸದರಲ್ಲಿ ಫಲಿತಾಂಶ ಸುಳ್ಳೇ ನೆಗೆಟಿವ್ ಬರಬಹುದು. ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಮಾಡಿಸಿ. ಇನ್ನೊಂದು ತೊಡಕಿದೆ. ಲ್ಯಾಬಿನ ಪರೀಕ್ಷೆಗೆ ಬಳಸುವುದು ಯೂರೋಪಿನ ಸಾಕುಜೇನು ಮೆಲ್ಲಿಫೆರಾದ ವಿಷ. ನಿಮ್ಮ ಹುಡುಗನಿಗೆ ಹೊಡೆದದ್ದು ಹೆಜ್ಜೇನು. ಎರಡರ ವಿಷದಲ್ಲೂ ಬಹಳಷ್ಟು ಒಂದೇ ಥರ, ಪೂರ್ತಿ ಒಂದೇ ಅಲ್ಲ.

ಚುಚ್ಚು ಪರೀಕ್ಷೆ, ಐಜಿಇ ಎರಡೂ ನೆಗೆಟಿವ್ ಬಂದು ಕಥೆ ಮಾತ್ರ ಇಷ್ಟು ಸ್ಪಷ್ಟವಾಗಿರುವಾಗ ಜೀವಕೋಶದ ಪರೀಕ್ಷೆಗೆ ನಿಜವಾದ ಬೆಲೆ. ಮೇಲೆ ಹೇಳಿದ ಬೆಳಕಿನ ಯಂತ್ರವಲ್ಲ, ಅದರ ಅಣ್ಣ. ಬೇಸೋಫಿಲ್ ಕೆರಳಿದಾಗ ಅದರ ಮೈಮೇಲೆ ಸಿಡಿ63 ಎಂಬ ಗುರುತು ಏಳುತ್ತದೆ, ಅದನ್ನು ಹೊಳೆಯುವ ಬಣ್ಣ ಅಂಟಿಸಿ ಫ್ಲೋ ಸೈಟೋಮೀಟರ್ ಎಂಬ ಕೋಶ ಎಣಿಸುವ ಯಂತ್ರದಲ್ಲಿ ಎಣಿಸುತ್ತಾರೆ. ರಕ್ತ ತೆಗೆದ ಒಂದು ದಿನದೊಳಗೆ ಮಾಡಬೇಕಾದ್ದರಿಂದ ಮೂಡಿಗೆರೆಯಿಂದ ಕೊರಿಯರ್ ಮಾಡಿ ಕೂರುವ ಹಾಗಿಲ್ಲ. ದೊಡ್ಡ ಆಸ್ಪತ್ರೆಯ ಅಲರ್ಜಿ ವಿಭಾಗದಲ್ಲಿ ಕೇಳಿ. ಜೇನುವಿಷವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವ ಇಮ್ಯುನೊಥೆರಪಿ ಬಗ್ಗೆಯೂ ಅಲ್ಲೇ ಕೇಳಿ. ಬಹಳ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಅದು.

ಪರೀಕ್ಷೆಗಿಂತ ಮುಂಚೆ ಬೇಕಾದದ್ದು ಅಡ್ರಿನಲಿನ್ ಎಂಬ ಇಂಜೆಕ್ಷನ್. ನಿಮಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅದು ಇದೆಯೇ, ರಾತ್ರಿ ಯಾರಿರುತ್ತಾರೆ, ಫೋನ್ ನಂಬರೇನು ಎಂದು ಈ ವಾರವೇ ಹೋಗಿ ತಿಳಿದುಕೊಂಡು ಬನ್ನಿ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಸೆಟ್ರಿಜಿನ್ ನುಂಗಿಸಿ ಕಾಯುತ್ತ ಕೂರುವುದು, ಸುಣ್ಣ ಹಚ್ಚುವುದು, ಇದರಲ್ಲಿ ಹೊತ್ತು ಕಳೆಯಬೇಡಿ. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಬೇಡಿ, ನಡೆಸಬೇಡಿ. ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಮಾತ್ರ ಒರಗಿಸಿ ಕೂರಿಸಿ. ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ನೆಟ್ಟಗೆ ಕೂರಿಸಿಕೊಂಡು ಹೋಗುವುದು ನಮ್ಮ ಕಡೆ ರೂಢಿ. ರಕ್ತದೊತ್ತಡ ಇಳಿದವನಿಗೆ ಅದು ಅಪಾಯ.

ಪ್ರಶ್ನೆ: ಹೊಲಿಗೆ ಹಾಕಿಸಿಕೊಂಡಾಗ ಬದನೆಕಾಯಿ ನಂಜು ಎಂದು ನಮ್ಮತ್ತೆ ಒಂದು ತಿಂಗಳು ಮುಟ್ಟಗೊಡಲಿಲ್ಲ. ಆ ಚಿನ್ನದ ಯಂತ್ರ ನಂಜನ್ನೂ ತೋರಿಸುತ್ತದೆಯೇ?
(ಬೇಲೂರಿನ ಓದುಗರು)

ಉತ್ತರ: ನಿಮ್ಮತ್ತೆಯವರನ್ನು ಆ ಯಂತ್ರದ ಎದುರು ನಿಲ್ಲಿಸುವ ಧೈರ್ಯ ನನಗಿಲ್ಲ.

ಬದನೆಕಾಯಿ ತಿಂದರೆ ಬಾಯಿ ತುರಿಸುತ್ತದೆ, ಮೈ ತುರಿಸುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಜನ. ಇದನ್ನು ತಮಾಷೆ ಎಂದು ಬಿಡದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅಲ್ಲಿನ ಜನರಲ್ಲೇ ಅಧ್ಯಯನ ಮಾಡಿದ್ದಾರೆ. ತುರಿಕೆ ಎಂದವರಲ್ಲಿ ನಿಜವಾದ ಐಜಿಇ ಅಲರ್ಜಿ ಇದ್ದವರು ಸ್ವಲ್ಪವೇ ಮಂದಿ. ಬದನೆಯಲ್ಲಿ ತಾನಾಗಿಯೇ ಹಿಸ್ಟಮಿನ್ ಇರುತ್ತದೆ. ಅಂಥ ತುರಿಕೆಗೆ ನಿಮ್ಮ ಕೋಶ ಕೆರಳಬೇಕಾಗಿಯೇ ಇಲ್ಲ. ಕೋಶ ಚೆಲ್ಲುವ ಪದಾರ್ಥವನ್ನು ತಟ್ಟೆಯಿಂದಲೇ ನುಂಗಿದಂತಾಯಿತು. ಹಾಗಾಗಿ ಜೀವಕೋಶವನ್ನು ಚಿನ್ನದ ಮೇಲಿಟ್ಟು ಎಷ್ಟು ಹೊತ್ತು ನೋಡಿದರೂ ಅಂಥವರಲ್ಲಿ ಅದು ಸುಮ್ಮನೆ ಕೂತಿರುತ್ತದೆ.

ಹೊಲಿಗೆ ಹಾಕಿದ ಗಾಯ ಬದನೆಯಿಂದ ಕೀವಾಗುವುದಿಲ್ಲ. ಕೀವಾಗುವುದು ಕೊಳೆ ಕೈಯಿಂದ, ಒದ್ದೆ ಬ್ಯಾಂಡೇಜಿನಿಂದ, ಹಿಡಿತವಿಲ್ಲದ ಸಕ್ಕರೆ ಕಾಯಿಲೆಯಿಂದ. ತಿಂದಾಗಲೆಲ್ಲ ನಿಮಗೆ ತುರಿಕೆ ಬರುತ್ತದೆ ಎನ್ನುವುದಾದರೆ ಮಾತ್ರ ಗಾಯ ಒಣಗುವವರೆಗೆ ಎಣ್ಣೆಗಾಯಿ ಬಿಡಿ, ಇಲ್ಲದಿದ್ದರೆ ಹೊಲಿಗೆಯ ಮೇಲೇ ಕೆರೆದುಕೊಳ್ಳುತ್ತೀರಿ.